ಚಟ್ಟಿ ಬದಲಿಸಿದ ಮಳೆಗಾಲ

ಫಸೀಲಾ ಅವರ ಮನೆ ಕುಂಬಳೆಯಲ್ಲಿ ಹೆದ್ದಾರಿಗೆ ತಾಗಿಕೊಂಡೇ ಇತ್ತು. ಟೆರೇಸಿನ ಮೇಲೆ ಹಸಿರು ಬಲೆ ಕಟ್ಟಿ ಅವರು ಎಷ್ಟೋ ವರ್ಷಗಳಿಂದ ಆರ್ಕಿಡ್ ಬೆಳೆಸುತ್ತಿದ್ದರು. ಕೃಷಿ ಭವನದಿಂದ ತಂದ ಕೆಲವು ಡೆಂಡ್ರೋಬಿಯಂ ಸಸಿಗಳು ಬುಡ ಒಡೆದು, ಬೇರೆ ಬೇರೆ ಮಣ್ಣಿನ ಚಟ್ಟಿಗೆ ಹೋಗಿ, ಕೊನೆಗೆ ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲದಷ್ಟಾಗಿದ್ದವು. ಅವುಗಳ ನೇರಳೆ, ಬಿಳಿ ಗೊಂಚಲುಗಳು ಸುತ್ತಲಿನ ಮದುವೆ ವೇದಿಕೆಗಳಿಗೆ ಹೋಗುತ್ತಿದ್ದವು.

ಹೆದ್ದಾರಿ ಅಗಲವಾದಾಗ ಮನೆಯ ಮುಂಭಾಗ ಹೋಯಿತು. ಉಳಿದದ್ದನ್ನು ಕೆಡವಿ ಹಿಂದಿನ ಜಾಗದಲ್ಲಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಬೋವಿಕಾನದಲ್ಲಿ ಬಾಡಿಗೆ ಮನೆ. ಗಂಡ ನೌಷಾದರ ಟಯರ್ ಅಂಗಡಿ ಮೊದಲಿನಿಂದಲೂ ಅಲ್ಲೇ ಇತ್ತು.

ಹೊರಡುವಾಗ ಜುಲೈ ತಿಂಗಳು. ಫಸೀಲಾ ಆರ್ಕಿಡಿನ ಚಟ್ಟಿಗೆ ಮಣ್ಣಿನ ಬದಲು ತುಂಬುವ ಇದ್ದಿಲು, ಹಂಚಿನ ಚೂರು ಎಲ್ಲ ತರಿಸಿಕೊಂಡು ಕುಳಿತರು.

"ಈಗಲೇ ಯಾಕೆ ಇದೆಲ್ಲ?" ಎಂದರು ನೌಷಾದ್. "ಮೊದಲು ಪಾತ್ರೆ, ಸಾಮಾನು ಹೋಗಲಿ."

"ಹೇಗೂ ಎಲ್ಲವನ್ನೂ ಕೆಳಗೆ ಇಳಿಸಲಿಕ್ಕೆ ಉಂಟಲ್ಲ. ಚಟ್ಟಿಯೂ ಹೊಸದು ಮಾಡಿಬಿಡುವ. ಅಲ್ಲಿಗೆ ಹೋದ ಮೇಲೆ ನನಗೆ ಪುರುಸೊತ್ತು ಎಲ್ಲಿ?"

ಬೇರುಗಳು ಹಳೆಯ ಇದ್ದಿಲನ್ನು ಕಚ್ಚಿ ಹಿಡಿದಿದ್ದವು. ಎಳೆದಾಗ ಕೆಲವು ಪಟಪಟನೆ ತುಂಡಾದವು, ಕೆಲವು ಹೊರಗಿನ ಬಿಳಿ ಸಿಪ್ಪೆ ಕಳಚಿ ಬರಿಯ ನೂಲಿನಂತೆ ಕೈಗೆ ಬಂದವು. ಅವರು ತೊಳೆದು, ಕತ್ತರಿಸಿ, ಒಂದೊಂದನ್ನೂ ಹೊಸ ಚಟ್ಟಿಗೆ ಇಳಿಸಿದರು. ಕೊನೆಯಲ್ಲಿ ಇದ್ದಿಲು ಮುಗಿಯಿತು. ಮೂಲೆಯಲ್ಲಿ ಉಳಿದ ಕೆಲವನ್ನು ಪಾಚಿ ಹಿಡಿದ, ಬಾಯಿ ಒಡೆದ ಚಟ್ಟಿಗಳ ಸಮೇತ ಪಿಕಪ್ಪಿಗೆ ಏರಿಸಿದರು. ಬೋವಿಕಾನದಲ್ಲಿ ಹೊಸ ಚಟ್ಟಿಗಳು ಮನೆಯ ಎದುರಿಗೆ ನಿಂತವು. ಆ ಹಳೆಯವನ್ನು ಎದುರಿಗೆ ಇಡಲು ನಾಚಿಕೆಯಾಗಿ ಫಸೀಲಾ ಹಿತ್ತಿಲಿಗೆ ಸಾಗಿಸಿದರು.

ಮಳೆಗಾಲ ಮುಗಿಯುತ್ತ ಬಂದರೂ ಎದುರಿನ ಗಿಡಗಳು ಅಲ್ಲಾಡಲಿಲ್ಲ. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಅರ್ಧ ಬೆಳೆದ ಚಿಗುರುಗಳು ಅಲ್ಲಿಗೇ ನಿಂತವು. ದಪ್ಪ ದಂಟುಗಳು ಸುಕ್ಕುಗಟ್ಟಿ, ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದವು.

ನೌಷಾದರ ತಂಗಿಯ ಮಗಳು ಸಫ್ನಾಳ ಮದುವೆ ಜನವರಿಗೆ ನಿಶ್ಚಯವಾಗಿತ್ತು. ವೇದಿಕೆಯ ಹೂ ಪೂರ್ತಿ ನನ್ನದೇ ಎಂದು ಫಸೀಲಾ ಮಾತು ಕೊಟ್ಟಿದ್ದರು. ಅವರಿಗೆ ಗಾಬರಿಯಾಯಿತು. ಗೊಬ್ಬರದ ನೀರು ಹೆಚ್ಚಿಸಿದರು. ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ಮತ್ತೆ ನೆರಳಿಗೆ ಸರಿಸಿದರು. ಬೇರು ಕೊಳೆತಿರಬಹುದೆಂದು ವಾರ ಬಿಟ್ಟು ವಾರ ಗಿಡ ಎತ್ತಿ ನೋಡಿದರು, ಮತ್ತೆ ಊರಿದರು.

ಒಂದು ಬೆಳಿಗ್ಗೆ ಬಟ್ಟೆ ಹರವಲು ಹಿತ್ತಿಲಿಗೆ ಹೋದಾಗ ಒಡಕು ಚಟ್ಟಿಯೊಂದರಿಂದ ಹೂವಿನ ದಂಟು ಹೊರಟದ್ದು ಕಂಡಿತು. ಪಕ್ಕದ್ದರಲ್ಲೂ ಒಂದು. ಅವರು ಬಕೆಟ್ ಅಲ್ಲೇ ಇಟ್ಟು, ಅಗಲ್ಪಾಡಿಯ ಹರಿನಾರಾಯಣ ಮಾಷ್ಟ್ರಿಗೆ ಫೋನ್ ಮಾಡಿದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಅವರೂ ಆರ್ಕಿಡ್ ಬೆಳೆಸುವವರು. ಇಬ್ಬರಲ್ಲಿ ಗಿಡಗಳ ಕೊಡುಕೊಳ್ಳುವಿಕೆ ಇತ್ತು.

"ಮಾಷ್ಟ್ರೇ, ಆರೈಕೆ ಮಾಡಿದ್ದು ಎಲ್ಲ ಹಾಗೇ ಕೂತಿದೆ. ಬಿಸಾಡಿದ ಹಾಗೆ ಇಟ್ಟದ್ದು ಹೂ ಬಿಡ್ತಾ ಉಂಟು. ಎಂತ ಇದು?"

ಮಾಷ್ಟ್ರು ಬಂದು ಎರಡು ಕಡೆಯ ಗಿಡಗಳನ್ನೂ ಬಗ್ಗಿ ನೋಡಿದರು.

"ಚಟ್ಟಿ ಬದಲಿಸುವಾಗ ಹೊಸ ಚಿಗುರಿಗೆ ಬೇರು ಬಂದಿತ್ತಾ?"

"ಬಂದಿತ್ತು. ಇಷ್ಟುದ್ದ ಇತ್ತು. ತುಂಬ ತುಂಡಾಯಿತು."

"ಅದೇ ನೋಡಿ. ಈ ಬಿಳಿ ಸಿಪ್ಪೆ ಉಂಟಲ್ಲ, ಸ್ಪಂಜಿನ ಹಾಗೆ ನೀರು ಹಿಡಿಯುವುದು ಅದು. ಅದು ಹೋದರೆ ಬೇರಿಗೆ ಕೆಲಸ ಇಲ್ಲ. ಬೇರೆ ಗಿಡದ ಹಾಗೆ ಬೇಕಾದಾಗ ಹೊಸ ಬೇರು ಬಿಡುವ ಜಾತಿ ಇದಲ್ಲ. ಹೆಚ್ಚಾಗಿ ಹೊಸ ಚಿಗುರಿನ ಬುಡದಲ್ಲೇ ಬರುವುದು. ಈ ವರ್ಷದ್ದು ಬಂದು ಮುರಿದಾಯಿತು. ಇನ್ನು ಮುಂದಿನ ಚಿಗುರಿನವರೆಗೆ ದಂಟಿನಲ್ಲಿ ಕೂಡಿಟ್ಟದ್ದನ್ನು ತಿಂದುಕೊಂಡು ಜೀವ ಹಿಡಿಯಬೇಕು. ಹಾಗಾಗಿ ದಂಟು ಸುಕ್ಕಾಗಿದೆ."

"ನಾನು ಮತ್ತೆ ಮತ್ತೆ ಎತ್ತಿ ನೋಡಿದೆ, ಮಾಷ್ಟ್ರೇ."

"ಅಲ್ಲೊಂದು ಇಲ್ಲೊಂದು ಹಸಿರು ತುದಿ ಹೊರಟಿದ್ದರೂ ಆಗ ಹೋಗಿರುತ್ತದೆ. ಇನ್ನು ಮುಟ್ಟಬೇಡಿ. ಗೊಬ್ಬರವೂ ಬೇಡ, ಕುಡಿಯುವ ಬೇರೇ ಇಲ್ಲವಲ್ಲ. ಗಾಳಿಯಲ್ಲಿ ತೇವ ಇರಲಿ, ಗಿಡ ಅಲ್ಲಾಡದ ಹಾಗೆ ಕೋಲಿಗೆ ಕಟ್ಟಿ."

"ಜನವರಿಗೆ ಹೂ?"

ಮಾಷ್ಟ್ರು ಇಲ್ಲವೆಂದು ತಲೆಯಾಡಿಸಿದರು.

ಅಂದೇ ಸಂಜೆ ಫಸೀಲಾ ಸಫ್ನಾಳಿಗೆ ಫೋನ್ ಮಾಡಿ ವಿಷಯ ಹೇಳಿದರು. "ಪರವಾಗಿಲ್ಲ ಮಾಮಿ, ಡೆಕೋರೇಶನಿನವರಿಗೆ ಹೇಳುವ" ಎಂದಳು. ಅವಳಿಗೆ ಬೇಸರವಾದದ್ದು ದನಿಯಲ್ಲೇ ತಿಳಿಯಿತು.

ಮದುವೆಯ ದಿನ ವೇದಿಕೆಯ ತುಂಬ ಹೊರಗಿನಿಂದ ಬಂದ ನೇರಳೆ ಆರ್ಕಿಡ್. ಊಟದ ಹಾಲ್‌ನಲ್ಲಿ ಕುಂಬಳೆಯ ಹಳೆಯ ನೆರೆಯವರಾದ ಉಮ್ಮಾಲಿಮ್ಮ ಕೈ ಹಿಡಿದು, "ಹೂ ಚೆಂದ ಆಗಿದೆ ಫಸೀಲಾ, ನಿನ್ನದೇ ಅಲ್ವಾ?" ಎಂದರು.

"ಅಲ್ಲ. ನನ್ನದು ಈ ಸಲ ಆಗಲಿಲ್ಲ."

ಆ ಉತ್ತರವನ್ನು ಆ ಮಧ್ಯಾಹ್ನ ಅವರು ಹಲವರಿಗೆ ಹೇಳಬೇಕಾಯಿತು. ಮನೆಗೆ ಬಂದ ಕೂಡಲೇ ಉಡುಪು ಬದಲಿಸದೆ ಗಿಡಗಳ ಎದುರು ಕುಳಿತರು. ಕೈ ಚಟ್ಟಿಯವರೆಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡರು.

ಬೇಸಿಗೆ ಕಠಿಣವಾಗಿತ್ತು. ನೀರು ಚಿಮುಕಿಸುವುದೊಂದನ್ನು ಬಿಟ್ಟು ಬೇರೇನೂ ಮಾಡದಿರುವುದು ಅವರಿಗೆ ಬಹಳ ಕಷ್ಟವಾಯಿತು. ಕೆಲವು ಗಿಡಗಳು ಪೂರ್ತಿ ಒಣಗಿಹೋದವು. ಉಳಿದವು ಜೂನಿನ ಮಳೆಗೆ ಬುಡದಲ್ಲಿ ಮೊಳಕೆ ಒಡೆದವು. ಮೊಳಕೆ ಬೆರಳುದ್ದವಾದಾಗ ಅದರ ಕೆಳಗೆ ಬಿಳಿ ಬೇರು, ತುದಿಯಲ್ಲಿ ಹಸಿರು. ಫಸೀಲಾ ಗಂಡನನ್ನು ಕರೆದು ತೋರಿಸಿದರು.

"ಇಷ್ಟು ಸಣ್ಣದ್ದಾ?" ಎಂದರು ನೌಷಾದ್.

"ಇದಕ್ಕೇ ಒಂದು ವರ್ಷ ಹೋಯಿತು."

ಆ ವರ್ಷ ಹೂ ಕಡಿಮೆ ಬಂತು, ಮುಂದಿನ ವರ್ಷ ಮೊದಲಿನಷ್ಟೇ ಬಂತು. ಈಗ ಅವರು ಮೊಳಕೆಯಲ್ಲಿ ಬೇರು ಇಣುಕುವ ಮೊದಲೇ ಚಟ್ಟಿ ಬದಲಿಸುತ್ತಾರೆ. ಆ ಹೊತ್ತು ತಪ್ಪಿದರೆ ಆ ಗಿಡದ ಸುದ್ದಿಗೇ ಹೋಗುವುದಿಲ್ಲ.

ಕುಂಬಳೆಯ ಹೊಸ ಮನೆ ಮುಗಿದು ವಾಪಸು ಹೊರಡುವಾಗ ಒಂದು ತೊಡಕು ಬಂತು. ಬಾಡಿಗೆ ಮನೆಯ ಜಗಲಿಯಲ್ಲಿದ್ದ ಮರದ ಬೆಂಚಿನ ಮೇಲೆ ಇಟ್ಟ ಒಂದು ದೊಡ್ಡ ಗಿಡ ಚಟ್ಟಿಯಿಂದ ಹೊರಗೆ ಬೇರು ಇಳಿಸಿ ಹಲಗೆಯನ್ನು ಅಪ್ಪಿ ಹಿಡಿದಿತ್ತು. ಬೆಂಚು ಮನೆಯ ಯಜಮಾನ ಕಿಟ್ಟಣ್ಣನದು.

"ಚೂರಿಯಲ್ಲಿ ಮೆಲ್ಲ ಬಿಡಿಸಿದರೆ ಆಗುದಿಲ್ವಾ?" ಎಂದು ಕೇಳಿದರು ಕಿಟ್ಟಣ್ಣ.

"ಬಿಡಿಸಬಹುದು. ಮತ್ತೆ ಒಂದು ವರ್ಷ ಕೂತುಬಿಡ್ತದೆ, ಕಿಟ್ಟಣ್ಣ."

ಕಿಟ್ಟಣ್ಣ ಬೆಂಚನ್ನು, ಗಿಡವನ್ನು ಒಮ್ಮೆ ನೋಡಿದರು. "ಒಟ್ಟಿಗೇ ತಕೊಂಡು ಹೋಗಿ ಮಾರಾಯ್ರೆ. ಆ ಬೆಂಚಿನಲ್ಲಿ ಎಂತ ಉಂಟು?" ಎಂದು ತಾವೇ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ನೌಷಾದ್ ಹಿಡಿದರು. ಗಿಡ ಅಲುಗಾಡದಂತೆ ಫಸೀಲಾ ಎರಡೂ ಕೈಗಳಿಂದ ಆನಿಸಿಕೊಂಡು ಪಿಕಪ್ಪಿನವರೆಗೆ ಜೊತೆಗೆ ನಡೆದರು.