ದೋಣಿ ನಿಂತ ಹನ್ನೊಂದು ದಿನ

ಇಂಗ್ಲಿಷ್ ಕ್ಲಾಸಿನಲ್ಲಿ ಸೌಜನ್ಯಳ ಹಾಜರಿ ಶೇಕಡಾ ಎಪ್ಪತ್ತೊಂದು. ನನ್ನದು ಐವತ್ತೆಂಟು. ಪರೀಕ್ಷೆಗೆ ಕೂರಲು ಎಪ್ಪತ್ತೈದು ಬೇಕು. ಕೂತವಳು ನಾನು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಆ ಉರಿಯಲ್ಲಿ ಅರ್ಧ ನನ್ನ ಮೇಲೆಯೇ.

ನಾವಿಬ್ಬರೂ ಮಂಗಳೂರಿನ ಒಂದೇ ಕಾಲೇಜಿನಲ್ಲಿ ಬಿ.ಎ. ಇಂಗ್ಲಿಷ್ ಓದುತ್ತಿದ್ದೆವು. ನನ್ನ ಮನೆ ಬಿಜೈಯಲ್ಲಿ. ಅಪ್ಪನ ಕಾರಿನಲ್ಲಿ ಕಾಲೇಜಿಗೆ ಹತ್ತು ನಿಮಿಷ. ನಾನು ಇಂಗ್ಲಿಷ್ ತೆಗೆದುಕೊಂಡದ್ದು ಬಿ.ಕಾಂ.ಗೆ ಹೆದರಿ. ಸೌಜನ್ಯ ತೆಗೆದುಕೊಂಡದ್ದು ಇಂಗ್ಲಿಷ್ ಬೇಕೆಂದೇ. ಅವಳು ಹೊಳೆಯಾಚೆಯ ಬೆಂಗ್ರೆಯವಳು. ತಂದೆ ದೇವದಾಸ್ ಮೀನುಗಾರಿಕೆಯ ಬೋಟಿಗೆ ಹೋಗುತ್ತಾರೆ, ತಾಯಿ ಮೋಹಿನಿ ಮೀನು ಮಾರುತ್ತಾರೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಮೊದಲ ವರ್ಷ ಕ್ಲಾಸಿನಲ್ಲಿ ಎದ್ದು ನಿಂತರೆ ಅವಳ ಧ್ವನಿ ನಡುಗುತ್ತಿತ್ತು, ಹಿಂದಿನ ಬೆಂಚಿನಲ್ಲಿ ನಾವು ಕಿಸಿಕಿಸಿ ನಗುತ್ತಿದ್ದೆವು. ಮೂರನೆಯ ವರ್ಷಕ್ಕೆ ಬರುವಾಗ ನಗುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಒಂದು ಕವಿತೆಯನ್ನು ಬಿಡಿಸಿ ಹೇಳಲು ಅವಳು ನಿಂತಳೆಂದರೆ ನಮ್ಮ ವಿಭಾಗದ ಮುಖ್ಯಸ್ಥೆ ಅಪೊಲೋನಿಯಾ ಮೇಡಮ್ ಕೂಡ ಕನ್ನಡಕ ತೆಗೆದಿಟ್ಟು ಕೇಳುತ್ತಿದ್ದರು. ಡಿಗ್ರಿ ಆದ ಕೂಡಲೇ ಬಿ.ಎಡ್., ಅದಾದ ಮೇಲೆ ಇಂಗ್ಲಿಷ್ ಟೀಚರ್ ಎಂದು ಅವಳು ಮನೆಯಲ್ಲಿ ಹೇಳಿಟ್ಟಿದ್ದಳು.

ಎಡವಟ್ಟಾದದ್ದು ಟೈಮ್‌ಟೇಬಲ್‌ನಿಂದ. ಐದನೆಯ ಸೆಮಿಸ್ಟರಿನಲ್ಲಿ ದಿನಾ ಮೊದಲ ಪೀರಿಯಡ್ ಇಂಗ್ಲಿಷ್. ಎಂಟು ಐವತ್ತಕ್ಕೆ ಬಾಗಿಲು ಹಾಕಿದರೆ ಹಾಕಿದ್ದೇ. ದೋಣಿಯಲ್ಲಿ ಹೊಳೆ ದಾಟಿ, ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಬರುವವಳಿಗೆ ಐದು ನಿಮಿಷ ಆಚೀಚೆ ಆಗುವುದು ದೊಡ್ಡ ವಿಷಯವೇ? ಆ ಐದು ನಿಮಿಷಕ್ಕೂ ಗೈರುಹಾಜರಿ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ರಭಸದಿಂದ ಹರಿಯುವಾಗ ದೋಣಿಯನ್ನೇ ನಿಲ್ಲಿಸುತ್ತಿದ್ದರು. ಆ ದಿನ ತಣ್ಣೀರುಬಾವಿ, ಕೂಳೂರು ಎಂದು ಊರೆಲ್ಲ ಸುತ್ತಿ ಅವಳು ಕಾಲೇಜು ಮುಟ್ಟುವಾಗ ಎರಡನೆಯ ಪೀರಿಯಡ್ ನಡೆಯುತ್ತಿರುತ್ತಿತ್ತು. ಹೀಗೆ ಬಾಕಿ ವಿಷಯಗಳಲ್ಲೆಲ್ಲ ತೊಂಬತ್ತರ ಹತ್ತಿರ ಹಾಜರಿ ಇದ್ದ ಹುಡುಗಿ ತಾನು ಜೀವ ಬಿಡುವ ಇಂಗ್ಲಿಷಿನಲ್ಲಿ ಮಾತ್ರ ಕಡಿಮೆ ಬಿದ್ದಳು.

ನಾನು ಕ್ಲಾಸು ತಪ್ಪಿಸಿದ್ದು ಅಕ್ಕ ಚೈತಾಲಿಯ ಮದುವೆಗೆ. ಸೀರೆಗೆ ಒಂದು ದಿನ, ಬ್ಲೌಸಿಗೆ ಎರಡು ದಿನ, ಮೆಹಂದಿಗೆ ಮೂರು ದಿನ, ಮತ್ತೆ ದಣಿವಾರಿಸಿಕೊಳ್ಳಲು ಎರಡು ವಾರ.

ಹಾಜರಿ ಕಡಿಮೆ ಇರುವವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದಾಗ ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪಡೀಲಿನಲ್ಲಿ ಕ್ಲಿನಿಕ್ ಇಟ್ಟಿರುವ ಪೃಥ್ವಿರಾಜ್ ಮಾವನ ಹತ್ತಿರ ಹೋದೆ.

"ಎಷ್ಟು ದಿನದ್ದು ಬೇಕು?" ಬೇಕರಿಯವನು ಎಷ್ಟು ಪೀಸ್ ಎಂದು ಕೇಳುವ ಹಾಗೆ ಕೇಳಿದರು.

"ಹದಿನೇಳು ದಿನ ಮಾವ."

"ಬರೀ ಜ್ವರ ಸಾಕಾಗ್ಲಿಕ್ಕಿಲ್ಲ. ಡೆಂಗಿ ಹಾಕುವಾ. ಈ ಸಲ ಊರಿಡೀ ಉಂಟಲ್ಲ."

ನಗುತ್ತಲೇ ಬರೆದು ಕೊಟ್ಟರು. ನಾನೂ ನಗುತ್ತಲೇ ತೆಗೆದುಕೊಂಡೆ. ಮತ್ತೆ ಮದುವೆಯ ಫೋಟೋ ನೋಡುತ್ತಾ ಇಬ್ಬರೂ ಚಾ ಕುಡಿದೆವು.

ಕಾಲೇಜು ಕಚೇರಿಯ ಗುಮಾಸ್ತರಾದ ಜೆರೋಮ್ ಸರ್ ಸೌಜನ್ಯಳಿಗೂ ಇದೇ ದಾರಿ ತೋರಿಸಿದರು. "ಎಂತದಾದ್ರೂ ಒಂದು ಮೆಡಿಕಲ್ ಸರ್ಟಿಫಿಕೇಟ್ ತಂದು ಕೊಡು ಮಾರಾಯ್ತಿ. ಅದನ್ನು ಯಾರೂ ಓದುದಿಲ್ಲ."

"ನಾನು ಹುಷಾರಾಗಿಯೇ ಇದ್ದೆ ಅಲ್ವಾ ಸರ್?" ಎಂದಳಂತೆ ಇವಳು.

ಅವಳು ಮಾಡಿದ ತಪ್ಪು ಇದೊಂದೇ. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಎರಡು ಪುಟದ ಇಂಗ್ಲಿಷ್ ಪತ್ರ. ದೋಣಿ ನಿಂತ ಹನ್ನೊಂದು ದಿನಗಳ ತಾರೀಕು, ತಡವಾದ ದಿನಗಳ ತಾರೀಕು. ಜೊತೆಗೆ ದೋಣಿ ನಡೆಸುವವರು ಕನ್ನಡದಲ್ಲಿ ಬರೆದು ಸಹಿ ಹಾಕಿದ ಚೀಟಿ, ಅದರ ಕೆಳಗೆ ಇವಳದೇ ಅನುವಾದ.

ಮೇಡಮ್ ಕೋಣೆಗೆ ನಾವಿಬ್ಬರೂ ಒಟ್ಟಿಗೆ ಹೋದೆವು. ನನ್ನ ಡೆಂಗಿಗೆ ಮೇಡಮ್ ಮುಖ ಎತ್ತದೆ ಸಹಿ ಹಾಕಿದರು. ಸೌಜನ್ಯಳ ಪತ್ರವನ್ನು ಮಾತ್ರ ಪೂರ್ತಿ ಓದಿದರು.

"ಎಷ್ಟು ಚಂದ ಬರೆದಿದ್ದೀ ಸೌಜನ್ಯ! ಒಂದೇ ಒಂದು ತಪ್ಪಿಲ್ಲ." ಆಮೇಲೆ ಪತ್ರವನ್ನು ಮಡಚಿ ಅವಳ ಕೈಗೇ ಕೊಟ್ಟರು. "ಆದ್ರೆ ನಿಯಮದಲ್ಲಿ ಮೆಡಿಕಲ್ ಅಂತ ಮಾತ್ರ ಉಂಟು. ದೋಣಿಯವ ಡಾಕ್ಟರ್ ಅಲ್ಲ ಅಲ್ವಾ? ಮತ್ತೆ ನಿಮಗೆ ಸುತ್ತು ರಸ್ತೆಯೂ ಉಂಟು. ಬೇಗ ಹೊರಡ್ಬೇಕಿತ್ತು."

ಮೂರು ವರ್ಷ ಸತ್ಯ, ನ್ಯಾಯ, ಆತ್ಮಸಾಕ್ಷಿ ಎಂದು ಬೋರ್ಡಿನ ಮೇಲೆ ಬರೆದು ನಮ್ಮಿಂದ ಪುಟಗಟ್ಟಲೆ ಉತ್ತರ ಬರೆಸಿದ ಕೈ ಅದು. ನಾಚಿಕೆಯಾಗಬೇಕಿತ್ತು ಆ ಕೈಗೆ! ಪಕ್ಕದಲ್ಲಿ ನಿಂತಿದ್ದ ನಾನು ಏನು ಮಾಡಿದೆ? ಸಹಿಯಾದ ನನ್ನ ಸರ್ಟಿಫಿಕೇಟ್ ಎತ್ತಿಕೊಂಡು "ಥ್ಯಾಂಕ್ಯೂ ಮೇಡಮ್" ಎಂದೆ.

ಹಾಲ್ ಟಿಕೆಟ್ ಕೊಡುವ ದಿನ ಸೌಜನ್ಯಳ ಹೆಸರು ಇರಲಿಲ್ಲ. ಒಂದು ವಿಷಯದಲ್ಲಿ ಹಾಜರಿ ಕಡಿಮೆಯಾದರೂ ಇಡೀ ಸೆಮಿಸ್ಟರ್ ಹೋದ ಹಾಗೆ, ಅದನ್ನು ಅವಳು ಮತ್ತೆ ಮೊದಲಿನಿಂದ ಕೂತು ಓದಬೇಕು. ಒಂದು ವರ್ಷ ಹೋಯಿತು, ಬಿ.ಎಡ್. ಮುಂದಕ್ಕೆ ಬಿತ್ತು. ನನಗೆ ತಡೆಯಲಾಗಲಿಲ್ಲ. ಮೇಡಮ್ ಹತ್ತಿರ ಹೋಗಿ ನನ್ನ ಸರ್ಟಿಫಿಕೇಟ್ ಸುಳ್ಳೆಂದು ಹೇಳಿಬಿಟ್ಟೆ. ಅವರು ಎದ್ದು ಹೋಗಿ ಬಾಗಿಲು ಹಾಕಿದರು.

"ಅದು ಫೈಲಿಗೆ ಹೋಗಿ ಆಯ್ತು ಮನ್ವಿತಾ. ನೀನು ಹೇಳಿದ್ದನ್ನು ನಾನು ಕೇಳ್ಲಿಲ್ಲ. ಸೋಮವಾರ ಪೇಪರ್ ಉಂಟು, ಹೋಗಿ ಓದು."

ಹೋಗಿ ಓದಿದೆ. ಫಸ್ಟ್ ಕ್ಲಾಸ್ ಬಂತು.

ಫಲಿತಾಂಶದ ಮರುದಿನ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಮೂರು ವರ್ಷದಲ್ಲಿ ಅದೇ ಮೊದಲ ಸಲ. "ಬಲ ಮಗಾ, ಕುಳ್ಳು" ಎಂದು ಮೋಹಿನಿ ಆಂಟಿ ತುಳುವಿನಲ್ಲಿ ಕರೆದು ಕೂರಿಸಿ ಚಾ ಮಾಡಲು ಒಳಗೆ ಹೋದರು. ನಾನು ಸೌಜನ್ಯಳ ಎದುರು ಎಲ್ಲವನ್ನೂ ಹೇಳಿದೆ. ಮದುವೆ, ಮಾವ, ಡೆಂಗಿ, ಎಲ್ಲ. ಹೇಳುತ್ತಾ ಅತ್ತೆ. "ನಾನು ಮೇಡಮ್ ಹತ್ರವೂ ಹೇಳಿದ್ದೇನೆ, ಗೊತ್ತುಂಟಾ?" ಎಂದೆ. ಇರಲಿ ಬಿಡು ಎಂಬ ಒಂದು ಮಾತಿಗೆ ಕಾಯುತ್ತಿದ್ದೆ, ನಿಜ ಹೇಳುತ್ತೇನೆ.

ಅವಳು ಕೇಳಿದಳು, "ಬರೆದು ಕೊಟ್ಟಿದ್ದೀಯಾ?"

"ಇಲ್ಲ."

"ನಾನು ಬರೆದು ಕೊಟ್ಟಿದ್ದೆ. ಸಹಿ ಹಾಕಿ." ಅವಳ ಧ್ವನಿ ನಡುಗುತ್ತಿತ್ತು, ಆದರೆ ಅದು ಮೊದಲ ವರ್ಷದ ನಡುಕವಲ್ಲ. "ನನ್ನ ಒಂದು ವರ್ಷ ಹೋಗಿದೆ ಮನ್ವಿತಾ. ಈಗ ನಿನಗೆ ಸಮಾಧಾನ ಮಾಡುವ ಕೆಲಸವೂ ನನ್ನದಾ? ಚಾ ಕುಡಿದು ಹೋಗು."

ಎದ್ದು ಒಳಗೆ ಹೋದಳು. ಚಾ ಅರ್ಧಕ್ಕೇ ಬಿಟ್ಟು ಹೊರಟೆ. ಅವಳ ಮೇಲೆಯೂ ಸಿಟ್ಟು ಬಂತು, ಅದು ದೋಣಿ ದಡ ಮುಟ್ಟುವವರೆಗೆ ಮಾತ್ರ ಇತ್ತು.

ಮಾರನೆಯ ಬೆಳಿಗ್ಗೆ ಪ್ರಿನ್ಸಿಪಾಲರ ಹೆಸರಿಗೆ ಬರೆದ ಪತ್ರವನ್ನು ಕಚೇರಿಯ ಕಿಟಕಿಯಲ್ಲಿ ಕೊಟ್ಟೆ. ಜೆರೋಮ್ ಸರ್ ಓದಿದರು, ಹಿಂದೆ ಮುಂದೆ ನೋಡಿದರು, ಪತ್ರವನ್ನು ನನ್ನ ಕಡೆಗೇ ತಳ್ಳಿದರು.

"ನಿನಗೆ ಎಂತ ಮರ್ಲಾ? ತಲೆ ಸರಿ ಉಂಟಾ? ನಿನ್ನ ರಿಸಲ್ಟೇ ಹೋಗ್ತದೆ. ನಿನ್ನ ಮಾವನದ್ದೂ ಹೆಸರುಂಟು ಇದರಲ್ಲಿ. ತೆಕ್ಕೊಂಡು ಮನೆಗೆ ಹೋಗು."

"ಸೀಲು ಹಾಕಿ, ಪತ್ರ ಸಿಕ್ಕಿದ್ದಕ್ಕೆ ಇನ್‌ವರ್ಡ್ ನಂಬರ್ ಕೊಡಿ ಸರ್" ಎಂದೆ.

ಅವರು ಕೊಡಲಿಲ್ಲ. ನನ್ನ ಹಿಂದೆ ಸಾಲು ಉದ್ದವಾಯಿತು, ಯಾರೋ ಬೈದರು. ನಂಬರ್ ಬೀಳುವವರೆಗೆ ನಾನು ಆ ಕಿಟಕಿ ಬಿಟ್ಟು ಕದಲಲಿಲ್ಲ.