ಹದಿನೈದರ ಕುಣಿತಕ್ಕೆ ಬಾರದ ಅವ್ವ

ನನ್ನ ಅವ್ವ ಹೊವಿತಾ ತೀರಿಕೊಂಡಾಗ ಅತ್ಲಿಸ್ಕೊ ಊರಿನ ನಮ್ಮ ಬೀದಿಯವರೆಲ್ಲ ಒಂದೇ ಮಾತು ಹೇಳಿದರು: ಗಟ್ಟಿಗಿತ್ತಿ. ಪಾದ್ರಿಯೂ ಅದನ್ನೇ ಹೇಳಿದರು, ಕಾಫಿ ಕುಡಿಯಲು ಬಂದು ಕೂತವರೂ ಅದನ್ನೇ ಹೇಳಿದರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗಟ್ಟಿಗಿತ್ತಿ ಎಂದುಬಿಟ್ಟರೆ ಆಯಿತು, ಆಮೇಲೆ ಅವಳ ಹೊರೆಗೆ ಯಾರೂ ಕೈ ಕೊಡಬೇಕಾಗಿಲ್ಲ.

ಗಟ್ಟಿಗಿತ್ತಿ ಹೌದು, ಅಲ್ಲ ಅನ್ನುತ್ತಿಲ್ಲ. ಅಪ್ಪ ಎಲಿಹಿಯೊ ನಮ್ಮನ್ನು ಬಿಟ್ಟು ಹೋದಾಗ ನನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಹೋದದ್ದಾದರೂ ಎಲ್ಲಿಗೆ? ಗಡಿ ದಾಟಿ ಉತ್ತರದ ದೇಶಕ್ಕೆ ದುಡಿಯಲು ಹೋದವರಿಗಾಗಿ ಹೆಂಡತಿಯರು ಮೇಣದಬತ್ತಿ ಹಚ್ಚಿ ಅಳುತ್ತಾರೆ. ಇವನು ಹೋದದ್ದು ಚೌಕದ ಆಚೆ ಮಗ್ಗುಲಿಗೆ, ಐಸ್‌ಕ್ರೀಮ್ ಅಂಗಡಿಯ ವಿಧವೆಯ ಮನೆಗೆ. ಭಾನುವಾರದ ಪೂಜೆ ಮುಗಿಸಿ ಬರುವಾಗ ಎದುರಿಗೇ ಸಿಗುತ್ತಿದ್ದ. ಟೋಪಿ ಎತ್ತಿ, "ಚೆನ್ನಾಗಿದ್ದೀಯಾ ಮಗಾ, ಓದ್ತಾ ಇದ್ದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಡುತ್ತಿದ್ದ.

ಅವ್ವ ಬೆಳಿಗ್ಗೆ ಹೂವಿನ ನರ್ಸರಿಯಲ್ಲಿ ಕುಂಡ ಹೊರುತ್ತಿದ್ದಳು. ಸತ್ತವರ ಹಬ್ಬ ಹತ್ತಿರ ಬಂದರೆ ಚೆಂಡುಹೂವು ಕೊಯ್ದು ಕೊಯ್ದು ಉಗುರಿನ ಸಂದಿಯೆಲ್ಲ ಕಪ್ಪಾಗುತ್ತಿತ್ತು. ಮಧ್ಯಾಹ್ನ ಬೀದಿಯ ಮೂಲೆಯಲ್ಲಿ ಕಾವಲಿ ಇಟ್ಟು, ಮೆಕ್ಕೆಜೋಳದ ರೊಟ್ಟಿಯೊಳಗೆ ಬೀನ್ಸ್ ಕಾಳಿನ ಹೂರಣ ತುಂಬಿ ಬೇಯಿಸಿ ಮಾರುತ್ತಿದ್ದಳು. ಸೂರು ಸೋರಿದರೆ ತಾನೇ ಹತ್ತಿ ತಗಡು ಹೊಡೆಯುತ್ತಿದ್ದಳು. ಗ್ಯಾಸ್ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಇಳಿಜಾರು ಹತ್ತುತ್ತಿದ್ದಳು. ಸಹಾಯಕ್ಕೆ ಹೋದರೆ ಬೈಗುಳ ಗ್ಯಾರಂಟಿ: "ಹೋಗೇ, ಪುಸ್ತಕ ಹಿಡಿ. ನಿನ್ನ ಕೈಯಲ್ಲಿ ಇದು ಮುಗಿಯೋಷ್ಟರಲ್ಲಿ ನನಗೆ ಹಲ್ಲು ಉದುರಿರುತ್ತೆ." ಇದು ಗಂಡಸರ ಕೆಲಸ, ತನ್ನಿಂದಾಗದು ಎಂದು ಅವಳು ಹೇಳಿದ್ದು ಒಂದೇ ಒಂದು ಸಲ, ನನಗೆ ಹದಿನೈದು ತುಂಬಿದಾಗ.

ನಮ್ಮಲ್ಲಿ ಹುಡುಗಿಗೆ ಹದಿನೈದಾದರೆ ಮದುವೆಗಿಂತ ಒಂದು ಕೈ ಹೆಚ್ಚೇ ಹಬ್ಬ. ಇಗರ್ಜಿಯಲ್ಲಿ ಪೂಜೆ, ಬೀದಿಯಲ್ಲಿ ಚಪ್ಪರ, ಊರಿಗೆಲ್ಲ ಊಟ. ಬಳಗದವರು ಒಬ್ಬೊಬ್ಬರು ಒಂದೊಂದರ ಖರ್ಚು ಹೊರುತ್ತಾರೆ. ಕೇಕಿಗೆ ಒಬ್ಬರು, ಕಿರೀಟಕ್ಕೆ ಒಬ್ಬರು, ವಾದ್ಯಕ್ಕೆ ಒಬ್ಬರು. ಎಲ್ಲರೆದುರು ಅಪ್ಪ ಮೊಣಕಾಲೂರಿ ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ, ಎತ್ತರದ ಹಿಮ್ಮಡಿಯ ಷೂ ತೊಡಿಸಿ, ಅವಳ ಜೊತೆ ಮೊದಲ ಕುಣಿತ ಕುಣಿಯಬೇಕು. ಅಲ್ಲಿಗೆ ಹುಡುಗಿ ದೊಡ್ಡವಳಾದಂತೆ.

"ಅವ್ವಾ, ಷೂ ನೀನೇ ತೊಡಿಸು. ಕುಣಿಯೋಕೂ ನೀನೇ ಬಾ," ಎಂದೆ.

"ತಲೆ ಕೆಟ್ಟಿದೆಯೇನೇ ಅರಸೆಲಿ? ಹೆಂಗಸು ಮಗಳ ಜೊತೆ ಆ ಕುಣಿತ ಕುಣಿಯೋದು ಎಲ್ಲಾದ್ರೂ ಉಂಟಾ? ಜನ ನಗ್ತಾರೆ."

"ಸೂರು ಹತ್ತಿ ತಗಡು ಹೊಡೆದಾಗ ನಗಲಿಲ್ವಾ?"

"ಆಗ ಮಳೆ ಸೋರ್ತಿತ್ತು. ನಾನು ಕುಣಿಯದಿದ್ರೆ ಏನೇ ಸೋರುತ್ತೆ?"

ಇಂಥವಳ ಜೊತೆ ಏನು ವಾದ ಮಾಡುವುದು? ಮರುದಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಳ್ಳೆಯ ಶಾಲು ಹೊದ್ದು, ಚೌಕದ ಆಚೆಗೆ ಹೋಗಿ ಅಪ್ಪನನ್ನು ಕರೆದು ಬಂದಳು. ಷೂ ಕೊಡಿಸುವ ಗೌರವವನ್ನೂ ಅವನಿಗೇ ಕೊಟ್ಟು ಬಂದಳು. ನನಗೆ ಒಂದು ಪೆನ್ಸಿಲ್ ಕೊಡಿಸದವನಿಗೆ!

ದೀಕ್ಷಾಸ್ನಾನದ ದಿನ ನನ್ನನ್ನು ಎತ್ತಿಕೊಂಡಿದ್ದ ಜ್ಞಾನತಾಯಿ ತೋಮಾಸಾ ಎದುರುಮನೆಯವಳು. ಸುದ್ದಿ ಕೇಳಿದ್ದೇ ನಮ್ಮ ಅಂಗಳಕ್ಕೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ಅಲ್ವೇ ಹೊವಿತಾ, ಇಷ್ಟು ವರ್ಷ ಗಾಡಿ ಎಳೆದವಳು ನೀನು, ಮೇಲೆ ಕೂತು ಮೆರವಣಿಗೆ ಹೋಗೋಕೆ ಅವನಾ?"

"ಅವನಿಗೋಸ್ಕರ ಅಲ್ಲಕ್ಕ," ಎಂದಳು ಅವ್ವ. "ನನ್ನ ಮಗಳಿಗೂ ಅಪ್ಪ ಇದ್ದಾನೆ ಅಂತ ಊರು ಒಂದು ದಿನ ನೋಡ್ಲಿ. ಆಮೇಲೆ ಅವನು ಹಾಳಾಗಿ ಹೋಗ್ಲಿ."

ನನಗೆ ಬೇಕಾಗಿದ್ದದ್ದು ಅದಲ್ಲ. ಊರು ನನ್ನ ಅವ್ವನನ್ನು ಒಮ್ಮೆ ಕಣ್ಣೆತ್ತಿ ನೋಡಬೇಕಿತ್ತು. ಅಷ್ಟು ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಿಯೂ ಬೇಡವೆಂದಳೋ ಏನೋ.

ಆ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮೀಸೆ ತಿದ್ದಿಕೊಂಡು, ಹೊಳೆಯುವ ಡಬ್ಬಿ ಹಿಡಿದು ಬಂದ. ಜನ ದಾರಿ ಬಿಟ್ಟರು. ಅವ್ವ ಚಪ್ಪರದ ಹಿಂದೆ ಒಲೆಯ ಮುಂದಿದ್ದಳು. ಒಣಮೆಣಸಿನಕಾಯಿ, ಎಳ್ಳು, ಚಾಕೊಲೇಟ್ ಅರೆದು ಮಾಡುವ ಹಬ್ಬದ ಕಪ್ಪು ಸಾರಿಗೆ ಬೇರೆಯವರು ಸೌಟು ಹಾಕುವಂತಿರಲಿಲ್ಲ. ಅಪ್ಪ ಮೊಣಕಾಲೂರಿ ಡಬ್ಬಿ ತೆರೆದು ನನ್ನ ಪಾದ ಹಿಡಿದ. ಷೂ ಹತ್ತಲಿಲ್ಲ. ತಿರುಚಿದ, ತಳ್ಳಿದ, ಬೆವರಿದ. ಅದು ಚಿಕ್ಕ ಹುಡುಗಿಯ ಅಳತೆ. ನನ್ನ ಪಾದ ಎಷ್ಟು ಬೆಳೆದಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ತೋಮಾಸಾ ಓಡಿಹೋಗಿ ಅವ್ವನಿಗೆ ಹೇಳಿದಳು. ಅವ್ವ ಚಪ್ಪರದ ಪರದೆಯಿಂದ ಮುಖವಷ್ಟೇ ಹೊರಗೆ ಹಾಕಿ, ಹಲ್ಲು ಕಚ್ಚಿ, "ತುರುಕ್ಕೊಳ್ಳೇ! ಬೆರಳು ಮಡಚು! ಎಲ್ಲಾ ನೋಡ್ತಿದ್ದಾರೆ!" ಎಂದು ಪಿಸುಗುಟ್ಟಿ ಮತ್ತೆ ಒಳಗೆ ಹೋದಳು.

ತುರುಕಿಕೊಂಡೆ. ಕುಣಿದೆ. ಒಂದೊಂದು ಸುತ್ತಿಗೂ ಕಣ್ಣಲ್ಲಿ ನೀರು ತುಂಬುತ್ತಿತ್ತು. ಅಪ್ಪ-ಮಗಳ ಪ್ರೀತಿ ನೋಡಿ ಎಂದು ಹೆಂಗಸರು ಶಾಲಿನ ತುದಿಯನ್ನು ಕಣ್ಣಿಗೊತ್ತಿಕೊಂಡರು. ನನಗೆ ಆ ಷೂ ಬಿಚ್ಚಿ ಎಲ್ಲರ ಮೇಲೆ ಎಸೆಯಬೇಕೆನಿಸಿತ್ತು.

ಕುಣಿತ ಮುಗಿದ ಮೇಲೆ ಹುಡುಗಿ ಮೈಕಿನಲ್ಲಿ ಕೃತಜ್ಞತೆ ಹೇಳಬೇಕು. ಮೊದಲು ದೇವರಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ಬಳಗಕ್ಕೆ ಎಂದು ಅವ್ವ ನನಗೆ ಬಾಯಿಪಾಠ ಮಾಡಿಸಿದ್ದಳು. ತನ್ನ ಹೆಸರನ್ನು ಅದರಲ್ಲಿ ಸೇರಿಸಿರಲಿಲ್ಲ. ನಾನು ಬಾಯಿಪಾಠವನ್ನೆಲ್ಲ ಬಿಟ್ಟೆ.

"ನಾನು ಇವತ್ತು ಇಲ್ಲಿ ನಿಂತಿದ್ದೀನಿ ಅಂದ್ರೆ ಅದು ಒಬ್ಬಳಿಂದ," ಎಂದೆ. "ಅವ್ವಾ, ಹೊರಗೆ ಬಾ."

ಎಲ್ಲರೂ ಚಪ್ಪರದ ಹಿಂದಕ್ಕೆ ತಿರುಗಿದರು. ಪರದೆ ಅಲುಗಲಿಲ್ಲ.

"ಬಾರವ್ವಾ, ಎಲ್ಲಾ ಕಾಯ್ತಿದ್ದಾರೆ. ಒಂದೇ ಸುತ್ತು ಕುಣಿ ನನ್ನ ಜೊತೆ."

ಒಳಗಿಂದ ಕೂಗು ಬಂತು. "ಅದೇನೇ ಅಲ್ಲಿ ಹಾಡು ನಿಂದು! ಸಾರು ತಳ ಹಿಡೀತಿದೆ ಇಲ್ಲಿ! ಬಿಸಿ ರೊಟ್ಟಿ ಯಾರಿಗೆ ಬೇಕು ಕೇಳು ಮೊದಲು!"

ಚಪ್ಪರಕ್ಕೆ ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ವಾದ್ಯದವನು ನನ್ನ ಕೈಯಿಂದ ಮೈಕು ಕಿತ್ತುಕೊಂಡು, "ಕೇಳಿದ್ರಲ್ಲ ಸ್ವಾಮಿ, ರೊಟ್ಟಿ ಬೇಕಾದವರು ಕೈ ಎತ್ತಿ!" ಎಂದ. ಎತ್ತಿದರು. ಅಪ್ಪನೂ ಎತ್ತಿದ.

ಆಗ ಅವ್ವ ಹೊರಗೆ ಬಂದಳು. ಬೆವರಿದ ಮುಖ, ಸಾರಿನ ಕಲೆಯ ಏಪ್ರನ್, ಎರಡೂ ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿಯ ಬುಟ್ಟಿ. ಜನ ಚಪ್ಪಾಳೆ ತಟ್ಟಿದರು. ಅವಳು ನನ್ನ ಕಡೆಗೂ ನೋಡಲಿಲ್ಲ, ಜನರ ಕಡೆಗೂ ನೋಡಲಿಲ್ಲ. ನೇರ ಅಪ್ಪನ ಮೇಜಿಗೆ ಹೋಗಿ, ಬಟ್ಟೆ ಸರಿಸಿ, ಮೊದಲ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಳು.