ಮೂರೆಲೆಯ ಕುರ್ಚಿ

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕಿ, ನೋಡಲು ಬಂದವರಿಗೆ ಎದುರಾಗಿ ಕೂರಿಸುತ್ತೇವೆ. ಮಣ್ಣಿಗೆ ಒಯ್ಯುವಾಗಲೂ, ಮಣ್ಣಿಗಿಡುವಾಗಲೂ ಕೂತಂತೆಯೇ. ಉಳಿದ ಕಡೆ ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಅದಕ್ಕೊಂದು ಕುರ್ಚಿ ಇತ್ತು. ನಮ್ಮ ಮನೆಯದು. ಅವ್ವ ಬದುಕಿರುವಾಗಲೇ ಹೋಗಿ ಅದರಲ್ಲಿ ಕೂತಳು.

ಅವಳ ಹೃದಯ ಹಿಗ್ಗಿತ್ತು, ಎದೆಯೊಳಗೆ ನೀರು ತುಂಬುತ್ತಿತ್ತು. ಮಲಗಿದರೆ ಬಾವಿಗೆ ಬಿದ್ದವಳಂತೆ ಬಾಯಿ ತೆರೆಯುತ್ತಿದ್ದಳು. ಹರಪನಹಳ್ಳಿಯ ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಅಂದರು, ಬೆನ್ನು ನೆಟ್ಟಗಿರಲಿ ಅಂದರು. ದಿಂಬು ಪೇರಿಸಿದೆವು, ಜಾರಿದಳು. ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಅವಳ ಜೊತೆ ಅದೂ ಹಿಂದಕ್ಕೆ ಬಾಗಿತು. ಒಂದು ಮಧ್ಯಾಹ್ನ ತಾನೇ ಗೋಡೆ ಹಿಡಿದುಕೊಂಡು ಪಡಸಾಲೆಯ ಮೂಲೆಗೆ ಹೊರಟಳು. ಅವಳನ್ನು ನೋಡಿಕೊಳ್ಳಲೆಂದು ಬಂದಿದ್ದ ನನ್ನ ಅಕ್ಕ ಅಡ್ಡ ನಿಂತಳು.

“ಅದರಾಗ ಬ್ಯಾಡವ್ವ. ಅದು ಸತ್ತೋರ ಕುರ್ಚಿ.”

“ಸತ್ತೋರು ಕುಂತ್ರ ಕುರ್ಚಿ ಸತ್ತೈತೇನು? ಸರಿ ಅತ್ತಾಗ.”

ಕೂತಳು. ಉಸಿರು ಸಿಕ್ಕಿತು. ಹಾಗೇ ನಿದ್ದೆ ಹೋದಳು. ಅಂದಿನಿಂದ ಅವಳ ಊಟ, ಗುಳಿಗೆ, ನಿದ್ದೆ ಎಲ್ಲವೂ ಅಲ್ಲೇ.

ಕುರ್ಚಿ ಬೀಟೆಮರದ್ದು. ಬೆನ್ನು ಎತ್ತರ. ಎರಡು ಕಂಬಗಳು ನೆಟ್ಟಗೆ ಮೇಲೇರಿ, ಬಾಗಿ, ಚೂಪಾಗಿ ಕೂಡುವ ಕಮಾನು. ಕಮಾನಿನ ನೆತ್ತಿಯಲ್ಲಿ ಕೆತ್ತಿದ ಮೂರೆಲೆ. ಅದು ನಮ್ಮ ಮನೆಗೆ ಬಂದದ್ದು ಹೇಗೋ ನನಗೆ ಗೊತ್ತಿಲ್ಲ. ಬಳ್ಳಾರಿ ದಂಡಿನ ಸಾಹೇಬನೊಬ್ಬ ಬಿಟ್ಟುಹೋದದ್ದನ್ನು ಅಜ್ಜ ಹರಾಜಿನಲ್ಲಿ ತಂದನೆಂದು ಅಪ್ಪ ಹೇಳುತ್ತಿದ್ದ. ಅಲ್ಲ, ಹಡಗಲಿಯ ಬಂಗಲೆಯದು ಎಂದು ಅವ್ವ. ಇಬ್ಬರ ಕತೆಯಲ್ಲೂ ಒಂದು ಎತ್ತಿನ ಗಾಡಿ ಬರುತ್ತಿತ್ತು. ಹಾಗಾಗಿ ನಾನು ಗಾಡಿಯನ್ನಷ್ಟೇ ನಂಬುತ್ತೇನೆ, ಅದೂ ಅರ್ಧ. ಅದು ಸತ್ತವರಿಗೆ ಮೀಸಲಾದದ್ದು ಯಾಕೆಂಬುದು ಮಾತ್ರ ಓಣಿಗೆಲ್ಲ ಗೊತ್ತು. ಮೂರೆಲೆ ಎಂದರೆ ಬಿಲ್ವಪತ್ರೆ. ಆ ಕುರ್ಚಿಯಲ್ಲಿ ಕೂರಿಸಿದರೆ ಪತ್ರೆ ತಾನಾಗಿ ತಲೆಯ ಮೇಲೆ ಬರುತ್ತದೆ.

ಅವ್ವನ ಕಾಯಿಲೆಗೂ ಮೊದಲು ಹೊಸಪೇಟೆಯಿಂದ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದಿದ್ದ. ಮೊಬೈಲಿನ ಬೆಳಕು ಬಿಟ್ಟು ಕುರ್ಚಿಯ ಅಡಿಯೆಲ್ಲ ನೋಡಿದ.

“ಇದಕ್ಕ ಗಾಥಿಕ್ ಅಂತಾರ್ರಿ ಅಮ್ಮಾರ. ವಿಕ್ಟೋರಿಯಾ ರಾಣಿ ಕಾಲದ ಡಿಸೈನು. ಹಳೇ ಚರ್ಚಿನ ಕಿಟಕಿ ನೋಡಿ ಹಿಂಗ ಮಾಡೋರು. ಈ ಎಲಿನೂ ಅಲ್ಲೀದ. ಪತ್ರಿ ಅಲ್ರಿ ಇದು.”

“ಎಷ್ಟು ಎಲಿ ಅದಾವ?” ಅವ್ವ ಕೇಳಿದಳು.

“ಮೂರು.”

“ಮತ್ತ?”

ಅವನು ನಕ್ಕ. ಬೆನ್ನಿನ ಕಂಬಗಳ ಮೇಲೆ ಬೆರಳಾಡಿಸಿದ. ಎರಡೂ ಕಡೆ ಮರ ಸವೆದು ಗೆರೆ ಬಿದ್ದಿತ್ತು.

“ಹಗ್ಗ ಕಟ್ಟಿದಂಗ ಐತಲ್ರಿ. ಎತ್ತು ಕಟ್ಟತಿದ್ರೇನು?”

“ಎತ್ತಲ್ಲಪ. ಮಂದೀನ.”

ಅವನು ಕೈ ತೆಗೆದ. ಸತ್ತವರನ್ನು ಕೂರಿಸಿ, ಮುಂದಕ್ಕೆ ಬೀಳದಂತೆ ಬಿಗಿದು, ಕುರ್ಚಿಯ ಸಮೇತ ಟ್ರ್ಯಾಕ್ಟರಿಗೆ ಏರಿಸುತ್ತೇವೆಂದು ನಾನು ಬಿಡಿಸಿ ಹೇಳಿದೆ. ಅವನು ಎದ್ದು ಚಹಾ ಕುಡಿದು ಹೋದ. ಹೋಗುವ ಮುಂಚೆ, ಇಂಥ ಕುರ್ಚಿಗಳನ್ನು ಆರಾಮಕ್ಕೆಂದು ಮಾಡುತ್ತಿರಲಿಲ್ಲ, ಕೂತವರು ಕುಗ್ಗಬಾರದೆಂದು ಮಾಡುತ್ತಿದ್ದರು ಅಂದ. ಅಥವಾ ಅದನ್ನು ನಾನು ಆಮೇಲೆ ಎಲ್ಲೋ ಓದಿ ಅವನ ಬಾಯಿಗೆ ಇಟ್ಟಿರಬಹುದು. ಅವ್ವನ ಬೆನ್ನನ್ನು ಆ ಕುರ್ಚಿ ಹಿಡಿದು ನಿಲ್ಲಿಸಿದ್ದನ್ನು ನೋಡಿದ ಮೇಲೆ ಯಾರು ಹೇಳಿದರೆಂಬುದು ಮುಖ್ಯವೆನಿಸಿಲ್ಲ.

ಅವ್ವ ಹೀಗೆ ಕುರ್ಚಿ ಹಿಡಿದಿರುವಾಗಲೇ ಮಂಡಕ್ಕಿ ಭಟ್ಟಿಯ ಅಜ್ಜ ತೀರಿಕೊಂಡ. ಓಣಿಯ ತುದಿಯಲ್ಲಿ ಅವನ ಭಟ್ಟಿ. ಅಪ್ಪ ಸತ್ತಾಗ ಅವನನ್ನು ಈ ಕುರ್ಚಿಗೆ ಕಟ್ಟಿದವನು ಇದೇ ಅಜ್ಜ. ಬೆಳಿಗ್ಗೆ ಅವನ ಮಗ ಬಂದು ಹೊಸ್ತಿಲಲ್ಲಿ ನಿಂತ. ಕುರ್ಚಿ ನೋಡಿದ. ಅದರಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅವ್ವನನ್ನು ನೋಡಿದ. ನೆಲ ನೋಡತೊಡಗಿದ.

ಅವ್ವ ಕಣ್ಣು ತೆರೆಯಲಿಲ್ಲ. “ಹೋದ್ನೇನು ನಿಮ್ಮಪ್ಪ?”

“ಹೂಂ ದೊಡ್ಡವ್ವ. ನಸುಕಿನ್ಯಾಗ.”

“ಕುರ್ಚಿಗೆ ಬಂದಿ.”

“ಇಲ್ಲ ಇಲ್ಲ, ಹೇಳಿ ಹೋಗೋಣಂತ ಬಂದೆ. ಪ್ಲಾಸ್ಟಿಕ್ಕಿನ್ವು ಅದಾವ.”

“ಪ್ಲಾಸ್ಟಿಕ್ಕಿನ್ಯಾಗ ಕುಂದ್ರಸ್ತಿ ಅವನ್ನ? ಮಂಡಕ್ಕಿ ಮೆತ್ತಗಾದ್ರ ಓಣಿಗೆಲ್ಲ ಕೇಳಂಗ ಬೈತಿದ್ದ. ಈಗ ಸುಮ್ಮನಿರ್ತಾನೇನು?”

ಅವನ ಮುಖದಲ್ಲಿ ನಗು ಬಂದು ಅಳುವಾಯಿತು. ನಾನು ಅಂದೆ, “ಅವ್ವ, ಅದನ್ನ ಕೊಟ್ರ ನೀನೆಲ್ಲಿ ಕುಂದ್ರತಿ?”

“ಅವಂದು ಸಂಜಿತನಕ. ಆಮ್ಯಾಲ ನಂದ ಐತಲ್ಲ.” ಉಸಿರಿಗೆ ತಡೆದು, ಅವನ ಕಡೆ ತಿರುಗಿದಳು. “ಸಂಜಿಕ ತಂದು ಕೊಡ್ತಿ ಹೌದಲ್ಲೊ ತಮ್ಮಾ?”

“ಮಣ್ಣು ಮುಗದ ಕೂಡ್ಲೇ ನಾನ ಹೊತ್ಕಂಡು ಬರ್ತೀನಿ, ದೊಡ್ಡವ್ವ.”

ಆ ಕುರ್ಚಿಯನ್ನು ಕೇಳಿದವರಿಗೆ ನಮ್ಮ ಮನೆಯವರು ಇಲ್ಲವೆಂದದ್ದಿಲ್ಲ. ನಾನು ಅನ್ನಲು ಹೊರಟಿದ್ದೆ. ಅವ್ವ ಅಷ್ಟರಲ್ಲೇ ಕೈಹಿಡಿಗಳನ್ನು ಒತ್ತಿ ಏಳುವ ಪ್ರಯತ್ನ ಮಾಡುತ್ತಿದ್ದಳು. ಅಕ್ಕನೂ ನಾನೂ ಹಿಡಿದೆತ್ತಿದೆವು. ರವಿಕೆಗಿಂತ ಮೇಲೆ, ಬತ್ತಲೆ ಬೆನ್ನಿನಲ್ಲಿ, ಕಮಾನಿನ ಅಂಚು ಕೆಂಪಗೆ ಮೂಡಿತ್ತು.

ಹಾಸಿಗೆ ಸುತ್ತಿ ಗೋಡೆಗಿಟ್ಟು ಅವಳನ್ನು ಆನಿಸಿದೆವು. ಸ್ವಲ್ಪ ಹೊತ್ತಿಗೇ ಒಂದು ಬದಿಗೆ ವಾಲಿದಳು. ಕೊನೆಗೆ ಅಕ್ಕ ಅವಳ ಹಿಂದೆ ನೆಲದ ಮೇಲೆ ಕೂತು, ತನ್ನ ಬೆನ್ನನ್ನು ಅವಳ ಬೆನ್ನಿಗೆ ಕೊಟ್ಟಳು. ವಾಲುವುದು ನಿಂತಿತು. ಅಕ್ಕನ ಕಾಲು ಜೋಮು ಹಿಡಿದಾಗ ನಾನು, ನನ್ನದು ಹಿಡಿದಾಗ ಅಕ್ಕ. ಹೀಗೆ ಇಬ್ಬರೂ ಸರದಿಯಲ್ಲಿ ಕುರ್ಚಿಯಾದೆವು. ಅವಳ ಮುಖ ಕಾಣುತ್ತಿರಲಿಲ್ಲ. ಅವಳ ಒಂದೊಂದು ಉಸಿರೂ ನನ್ನ ಬೆನ್ನುಮೂಳೆಯನ್ನು ತಳ್ಳಿ, ತಡೆದು, ಬಿಡುತ್ತಿತ್ತು. ಒಳಗೆ ನೀರು ಕುದಿಯುವಂಥ ಸದ್ದು.

ಮಧ್ಯಾಹ್ನಕ್ಕೆ ಅಜ್ಜನನ್ನು ಎತ್ತಬೇಕಿತ್ತು. ಎತ್ತಲಿಲ್ಲ. ಅಜ್ಜನ ಮಗಳು ಪುಣೆಯಿಂದ ಬರುತ್ತಿದ್ದಳು, ಬಸ್ಸು ತಡವಾಗಿತ್ತು. ಓಣಿಯ ತುದಿಯಿಂದ ಭಜನೆಯ ತಾಳ ಕೇಳುತ್ತಲೇ ಇತ್ತು. ತಾಳ ಕೇಳುವಷ್ಟು ಹೊತ್ತು ಕುರ್ಚಿ ಬರುವುದಿಲ್ಲ.

“ಎತ್ತಿದ್ರೇನು?” ಅವ್ವ ಕೇಳಿದಳು.

“ಇನ್ನೂ ಇಲ್ಲವ್ವ.”

ಅವಳು ಇದನ್ನು ಮತ್ತೆ ಮತ್ತೆ ಕೇಳಿದಳೆಂದು ನನ್ನ ನೆನಪು. ಅವ್ವ ಆ ದಿನ ಒಂದು ಸಲವೂ ಕೇಳಲಿಲ್ಲ, ಕೇಳುತ್ತಿದ್ದವನು ನೀನು ಎನ್ನುತ್ತಾಳೆ ಅಕ್ಕ. ಇರಬಹುದು. ಆ ಪ್ರಶ್ನೆ ಮಾತ್ರ ಮನೆಯಲ್ಲಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ತಾಳ ನಿಂತಿತು. ಟ್ರ್ಯಾಕ್ಟರು ನಮ್ಮ ಬಾಗಿಲ ಮುಂದೆಯೇ ಹಾದುಹೋಯಿತು. ಟ್ರೈಲರಿನಲ್ಲಿ ಬಾಳೆಕಂಬಗಳ ನಡುವೆ ಅಜ್ಜ ನೆಟ್ಟಗೆ ಕೂತಿದ್ದ, ತಲೆಯ ಮೇಲೆ ಮೂರೆಲೆ. ಅವ್ವ ಬಾಗಿಲಿಗೆ ಎದುರಾಗಿ ಕೂತಿದ್ದಳು, ನೋಡಿರಬೇಕು.

ಉಸಿರು ನಿಂತದ್ದು ಅದಾದ ಮೇಲೆ, ನನ್ನ ಬೆನ್ನಿನ ಮೇಲೆ. ಕಣ್ಣಿನ ನೆನಪನ್ನು ನಾನು ನಂಬುವುದಿಲ್ಲ, ಇದು ಬೆನ್ನಿನದು. ತಳ್ಳಿತು, ತಡೆಯಿತು, ಬಿಡಲಿಲ್ಲ. ಮುಂದಿನದಕ್ಕೆ ಕಾದೆ. ಭಾರ ಮಾತ್ರ ಬಂತು. ಆದರೆ ಅಕ್ಕನ ಪ್ರಕಾರ ನಾನಾಗ ಓಣಿ ನೋಡಲು ಬಾಗಿಲಿಗೆ ಹೋಗಿದ್ದೆ. ಬೆನ್ನು ಕೊಟ್ಟವಳು ಅವಳು, ಭಾರ ಬಂದದ್ದು ಅವಳ ಮೇಲೆ. ಈ ಬಗ್ಗೆ ವಾದಿಸುವುದನ್ನು ಬಿಟ್ಟಿದ್ದೇವೆ. ಇಬ್ಬರಿಗೂ ಬೆನ್ನು ನೋಯುತ್ತದೆ.

ಕುರ್ಚಿ ಬಂದದ್ದರಲ್ಲಿ ಮಾತ್ರ ಜಗಳವಿಲ್ಲ. ದೀಪ ಹಚ್ಚುವ ಹೊತ್ತು. ಭಟ್ಟಿಯ ಅಜ್ಜನ ಮಗ ಅದನ್ನು ತೊಳೆದು, ತಲೆಯ ಮೇಲೆ ಹೊತ್ತುಕೊಂಡು, ಓಡುತ್ತಲೇ ಬಂದಂತಿದ್ದ.

“ತಡ ಆತು ದೊಡ್ಡವ್ವ, ನಮ್ಮಕ್ಕನ ಬಸ್ಸು—”

ನಮ್ಮನ್ನು ನೋಡಿದ. ಕುರ್ಚಿಯನ್ನು ಸದ್ದಾಗದಂತೆ ಇಳಿಸಿದ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅಳುವುದಕ್ಕೆ ಮೊದಲು ಅಕ್ಕ ಆಡಿದ ಮಾತು ಇಷ್ಟೇ:

“ಒರಸಲೇ ಅದನ್ನ. ಅಕಿಗೆ ಥಂಡಿ ಆಗತೈತಿ.”

ಅವನು ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಕೂರುವ ಹಲಗೆ, ಕೈಹಿಡಿಗಳು, ಕಮಾನು, ಎಲೆಗಳ ಸಂದು. ಒಂದು ಕಂಬಕ್ಕೆ ಅವನಪ್ಪನನ್ನು ಕಟ್ಟಿದ್ದ ಹಗ್ಗ ಹಾಗೇ ಉಳಿದಿತ್ತು. ಗಂಟು ನೆನೆದು ಬಿಗಿದಿತ್ತು. ಅವನು ಬಿಚ್ಚಲು ಕೈ ಹಾಕಿದ.

ಅಕ್ಕ ಬೇಡವೆಂದು ತಲೆಯಾಡಿಸಿದಳು.